ಕರುವಿಗೆ ಪಟ್ಟಿ ಇರಲಿಲ್ಲ

ಮಾರ್ಚ್ ೧೪, ಶನಿವಾರ. ಬೆಳಗಿನ ಆರು ಗಂಟೆ ಹತ್ತು ನಿಮಿಷ.

"ಅಪ್ಪಾ, ಏಳು! ಕಪ್ಪಿ ಕೂಗ್ತಿದ್ದಾಳೆ."

"ಏ ಪಿಟೀಲು, ಬೆಳಿಗ್ಗೆ ಬೆಳಿಗ್ಗೇನೇ ಶುರು ಹಚ್ಕೊಂಡ್ಯಾ?" ಅಪ್ಪ ಮಲಗಿದ್ದಲ್ಲೇ ಫೋನಿಗಾಗಿ ತಡಕಾಡಿದ.

ಮಗಳು ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳಂತೆ. ಅದಕ್ಕೇ ಅವಳಿಗೆ ಪಿಟೀಲು ಎಂಬ ಹೆಸರು ಅಂಟಿಕೊಂಡಿತ್ತು.

ಫೋನಿನ ನಕ್ಷೆಯಲ್ಲಿ ಹುಲ್ಲುಗಾವಲಿನ ಸುತ್ತ ನೀಲಿ ಗೆರೆ ಇತ್ತು. ಅದರೊಳಗೆ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ಹಸು.

"ನೋಡು, ಎಲ್ಲಾ ಒಳಗೇ ಇದಾವೆ. ಹೋಗಿ ಮಲ್ಕೋ."

"ಹದಿನೇಳನೇದು ಕಪ್ಪಿ ಅಲ್ವಾ? ಗೆರೆ ಪಕ್ಕಾನೇ ಯಾಕ್ ನಿಂತಿದ್ದಾಳೆ? ಲಾಗ ಎಲ್ಲಿ?"

ಅಪ್ಪ ಎದ್ದು ಕುಳಿತ. ಲಾಗ ಎಂದರೆ ಕಪ್ಪಿಯ ಹತ್ತು ದಿನದ ಕರು. ನಿಂತಲ್ಲಿ ನಿಲ್ಲದೆ ಲಾಗ ಹಾಕುತ್ತಿದ್ದ ಅವನಿಗೆ ಪಿಟೀಲೇ ಹೆಸರಿಟ್ಟಿದ್ದಳು. ನಕ್ಷೆಯಲ್ಲಿ ಅವನಿಗೆ ಚುಕ್ಕಿ ಇರಲಿಲ್ಲ.

ಹೋದ ತಿಂಗಳವರೆಗೆ ಹುಲ್ಲುಗಾವಲಿಗೆ ತಂತಿಬೇಲಿ ಇತ್ತು. ಅದನ್ನು ರಿಪೇರಿ ಮಾಡಿ ಮಾಡಿ ಅಪ್ಪನ ಸೊಂಟ ಬಿದ್ದುಹೋಗಿತ್ತು. ಈಗ ಬೇಲಿಯ ಬದಲು ಹಸುಗಳ ಕೊರಳಲ್ಲಿ ಪಟ್ಟಿ. ಗೆರೆಯ ಹತ್ತಿರ ಬಂದರೆ ಪಟ್ಟಿ ಕುಂಯ್ ಎನ್ನುತ್ತದೆ. ದಾಟಿದರೆ ಜುಮ್ ಎಂದು ಕರೆಂಟ್ ಹೊಡೆಯುತ್ತದೆ. ಪಟ್ಟಿಗೆ ದುಡ್ಡು ಸಾಲದೆ ಅಪ್ಪ ಹಳೆಯ ಕಂಬ, ತಂತಿ ಎಲ್ಲವನ್ನೂ ಕಿತ್ತು ಮಾರಿದ್ದ.

ಲಾಗ ಹುಟ್ಟಿದ ದಿನವೇ ಪಿಟೀಲು ಕೇಳಿದ್ದಳು: "ಇವನಿಗೂ ಒಂದು ಹಾಕೋಣ ಅಪ್ಪಾ."

"ಕರುಗೆಲ್ಲಾ ಯಾರ್ ಹಾಕ್ತಾರೆ? ಒಂದು ಪಟ್ಟಿ ದುಡ್ಡಿಗೆ ಇಂಥಾ ಎರಡು ಕರು ಬರ್ತವೆ. ಮೇಲೆ ವರ್ಷಾ ವರ್ಷಾ ಬಾಡಿಗೆ ಬೇರೆ. ಅಮ್ಮನ್ನ ಬಿಟ್ಟು ಅದು ಎಲ್ಲಿಗ್ ಹೋಗುತ್ತೆ?"

ಅವತ್ತು ಅವಳು ಸಿಟ್ಟಿನಿಂದ ಊಟ ಬಿಟ್ಟಿದ್ದಳು.

ಇಬ್ಬರೂ ಹುಲ್ಲುಗಾವಲಿಗೆ ಓಡಿದರು. ಕಪ್ಪಿಯ ಮುಂದೆ ಬೇಲಿ ಇರಲಿಲ್ಲ, ಗೋಡೆ ಇರಲಿಲ್ಲ, ಬರೀ ಹುಲ್ಲು. ಅವಳು ಒಂದು ಹೆಜ್ಜೆ ಇಟ್ಟಳು. ಕುಂಯ್. ಇನ್ನೊಂದು ಇಟ್ಟಳು. ಮೈ ಅದುರಿ ಹಿಂದಕ್ಕೆ ಸರಿದಳು. ಅವಳ ಗೊರಸಿನಡಿಯ ನೆಲವೆಲ್ಲ ತುಳಿದು ತುಳಿದು ಕೆಸರಾಗಿತ್ತು.

"ರಾತ್ರಿಯೆಲ್ಲಾ ಇದನ್ನೇ ಮಾಡಿದ್ದಾಳೆ," ಎಂದ ಅಪ್ಪ.

ಕಪ್ಪಿ ನೋಡುತ್ತಿದ್ದ ಕಡೆಗೇ ಕಾಲುವೆ ಇತ್ತು.

"ನೀನು ಇಲ್ಲೇ ಇರು."

ಪಿಟೀಲು ನಿಲ್ಲದೆ ಅಪ್ಪನ ಹಿಂದೆಯೇ ಓಡಿದಳು. ಕಾಲುವೆಯ ದಡದಲ್ಲಿ ಪುಟ್ಟ ಗೊರಸುಗಳು ಜಾರಿದ ಗೀರು ಕಂಡಿತು. ಮೇಲೆ ಹತ್ತಲು ನೋಡಿದ ಗೀರುಗಳೂ ಇದ್ದವು. ಅಪ್ಪ ಫೋನನ್ನು ಹುಲ್ಲಿನ ಮೇಲೆ ಎಸೆದು ನೀರಿಗಿಳಿದ. ಲಾಗನನ್ನು ಎತ್ತಿ ದಡದಲ್ಲಿ ಮಲಗಿಸಿ, ತನ್ನ ಅಂಗಿ ಬಿಚ್ಚಿ ಅವನ ಮೈ ಉಜ್ಜತೊಡಗಿದ.

"ಉಸಿರಾಡ್ತಿದ್ದಾನಾ ಅಪ್ಪಾ?"

ಅಪ್ಪ ಉಜ್ಜುತ್ತಲೇ ಇದ್ದ.

ಹಿಂದಿನಿಂದ ಕುಂಯ್ ಎಂಬ ಸದ್ದು ಬಂತು. ಮತ್ತೆ ಬಂತು. ಈ ಸಲ ಕಪ್ಪಿ ಹಿಂದೆ ಸರಿಯಲಿಲ್ಲ. ತಲೆ ತಗ್ಗಿಸಿ, ಕಾಲು ನಡುಗಿಸುತ್ತ ನೆಟ್ಟಗೆ ಬಂದಳು. ಬಂದವಳೇ ಕರುವಿನ ಕಿವಿ ನೆಕ್ಕಿದಳು.

ನಾನು ಅವತ್ತೇ ಹೇಳಿದ್ದೆ. ಆ ಮಾತು ಪಿಟೀಲುವಿನ ನಾಲಿಗೆಯ ತುದಿಗೆ ಬಂದಿತ್ತು. ಆಗ ಅವಳು ಅಪ್ಪನ ಕೈಗಳನ್ನು ನೋಡಿದಳು. ಅಂಗಿ ಪೂರ್ತಿ ತೊಯ್ದಿತ್ತು. ಕರು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ಆದರೂ ಕೈಗಳು ನಿಂತಿರಲಿಲ್ಲ.

ಮಾತು ನುಂಗಿಕೊಂಡು ತನ್ನ ಸ್ವೆಟರ್ ಬಿಚ್ಚಿದಳು.

"ತಗೋ ಅಪ್ಪಾ. ಇದು ಒದ್ದೆ ಆಗಿಲ್ಲ."

ಅಪ್ಪ ತೆಗೆದುಕೊಂಡ. ಇಬ್ಬರೂ ಸೇರಿ ಉಜ್ಜಿದರು.

ಹುಲ್ಲಿನ ಮೇಲೆ ಫೋನ್ ಗುಂಯ್‌ಗುಟ್ಟಿತು. ನಕ್ಷೆಯಲ್ಲಿ ಒಂದು ಚುಕ್ಕಿ ಕೆಂಪಾಗಿತ್ತು. ಅದರ ಕೆಳಗೆ ಬರೆದಿತ್ತು: ಹಸು ೧೭. ಬೇಲಿಯಿಂದ ಆಚೆ, ೪೧ ಮೀಟರ್.