ಹೊನ್ನನ ಬೈಕು

ಮೇ ಹದಿನಾಲ್ಕರ ಬೆಳಿಗ್ಗೆ ಅಂಕೋಲಾ ಠಾಣೆಗೆ ಬಂದ ಹಾರವಾಡದ ಹೊನ್ನ ಗೌಡ ಎದೆ ಬಡಿದುಕೊಳ್ಳುವುದೊಂದು ಬಾಕಿ. ಅಂಗಳದಲ್ಲಿ ನಿಲ್ಲಿಸಿದ್ದ ಬೈಕು ಬೆಳಗಾಗುವುದರೊಳಗೆ ಮಾಯ! ಪಿಎಸ್‌ಐ ವೈಜಯಂತಿ ಎಫ್‌ಐಆರ್ ದಾಖಲಿಸಿ, ಹವಾಲ್ದಾರ ಉಮೇಶನನ್ನು ಕರೆದುಕೊಂಡು ಹೊರಟರು.

ಬೈಕು ದೂರವೇನೂ ಹೋಗಿರಲಿಲ್ಲ. ಗದ್ದೆಯಂಚಿನ ಬಾವಿಯ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಹಗ್ಗ ಕಟ್ಟಿ ಎಳೆಸಿದರೆ ಕೀಲಿ ಸಮೇತ ಮೇಲೆ ಬಂತು. ಪಂಚರ ಎದುರು ಪಂಚನಾಮೆಯಾಯಿತು.

"ಕೀಲಿ ಎಲ್ಲಿ ಇಡ್ತೆ ನೀ?" ಉಮೇಶ ಕೇಳಿದ.

"ತಲೆದಿಂಬಿನ ಅಡಿಗೆ."

"ಹಂಗಾರೆ ಕಳ್ಳ ನಿನ್ನ ತಲೆ ಎತ್ತಿಟ್ಟು ತಗಂಡು ಹೋದ್ನಾ ಮಾರಾಯಾ?"

ಪಂಚರು ನಕ್ಕರು. ಹೊನ್ನ ನಗಲಿಲ್ಲ, ತಿರುಗಿ ಮನೆಯ ಕಡೆ ನೋಡಿದ. ಆ ನೋಟವನ್ನು ವೈಜಯಂತಿ ಗಮನಿಸಿದರು.

ಹೊನ್ನನ ಹೆಂಡತಿ ಬೊಮ್ಮಿ ಅಂಕೋಲಾ ಪೇಟೆಯಲ್ಲಿ ತರಕಾರಿ ಮಾರುವವಳು. ಅವನೇ ದಿನಾ ಬೈಕಿನಲ್ಲಿ ಬಿಟ್ಟು, ಮಧ್ಯಾಹ್ನ ಕರೆತರುತ್ತಾನೆ. ಊರಿನ ಆಶಾ ಕಾರ್ಯಕರ್ತೆ ಸಂಧ್ಯಾಗೆ ಅದೇ ಹೆಮ್ಮೆ.

"ಹೋದ ತಿಂಗಳು ಕಾರವಾರದಿಂದ ಸರ್ವೆಯೋರು ಬಂದಿದ್ರು ಮೇಡಂ. ಮನೇಲಿ ಹೆಂಗಸಿನ ಮಾತು ಎಷ್ಟು ನಡೀತದೆ, ಗಂಡನ ಹಿಡಿತ ಎಷ್ಟು ಅಂತ ಅಳೆಯೂದು. ಹೊಡಿತಾನಾ? ಇಲ್ಲೆ. ದುಡಿಯೂಕೆ ಬಿಡ್ತಾನಾ? ಹೌದು. ಪೇಟೆಗೆ ಹೋಗ್ತಿಯಾ? ದಿನಾ. ಊರಿಗೇ ಹೆಚ್ಚು ಮಾರ್ಕು ನಮ್ಮ ಬೊಮ್ಮಿಗೇ!"

"ಕೇಳುವಾಗ ಹೊನ್ನ ಎಲ್ಲಿದ್ದ?"

"ಅಲ್ಲೇ, ಪಕ್ಕದಲ್ಲೇ. ಪಾಪ, ಚಾ ಸಹ ಅವನೇ ತಂದುಕೊಟ್ಟ."

ವೈಜಯಂತಿ ಹೊನ್ನನನ್ನು ಉಮೇಶನ ಜೊತೆ ಬಾವಿಕಟ್ಟೆಯಲ್ಲೇ ನಿಲ್ಲಿಸಿ, ಒಬ್ಬರೇ ಅಡುಗೆಮನೆಗೆ ಹೋದರು.

"ಬೈಕು ಬಾವಿಗೆ ಹಾಕಿದ್ದು ನೀನೇ ಅಲ್ವಾ ಬೊಮ್ಮಿ?"

"ಹೌದ್ರಾ ಅಮ್ಮಾ. ನಾನೇ ದೂಡ್ದೆ."

"ಯಾಕೆ?"

"ಹೋದ ವಾರ ಪೇಟೆಲಿ ಕೂತಾಗ ಸುದ್ದಿ ಬಂತು, ಅವ್ವಿಗೆ ಕಡೆಗಾಲ ಅಂತ. ಅವ್ವಿ ಮನೆ ಬೊಬ್ರುವಾಡ, ಪೇಟೆಯಿಂದ ಎಂತಾ ದೂರ? ನಡ್ಕಂಡೇ ಹೋಗೂದು. ಆದ್ರೆ ನನ್ನ ಗಂಡ, ತಾ ಬರೂವರಿಗೆ ಬುಟ್ಟಿ ಬಿಟ್ಟು ಏಳೂಕಿಲ್ಲ ಅಂದಿದ್ದ. ಹಿಂದೆ ಒಂದ್ಸಲ ಎದ್ದಿದ್ದಕ್ಕೆ ವಾರಗಟ್ಲೆ ಮಾತಿಲ್ಲ, ನಾ ಬಡಿಸಿದ್ದು ಮುಟ್ಲಿಲ್ಲ." ಬೊಮ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕೂತೇ ಇದ್ದೆ. ಬೈಕು ಬರೂ ಹೊತ್ತಿಗೆ ಅವ್ವಿ ಜೀವ ಹೋಗಿತ್ತು."

ಬೊಮ್ಮಿಯ ದಸ್ತಗಿರಿಯಾಯಿತು. ಜಾಮೀನು ಸಿಗುವ ಕೇಸು. ಸಂಜೆ ಹೊನ್ನ ಠಾಣೆಗೆ ಬಂದ.

"ಜಾಮೀನಿಗೆ ನಾನೇ ಸಹಿ ಹಾಕ್ತೆ ಮೇಡಂ. ಕೇಸು ಇರ್ಲಿ, ಬುದ್ಧಿ ಬತ್ತದೆ. ರಿಕ್ಷಾ ತಂದಿದ್ದೆ."

"ನಿನ್ನ ಸಹಿ ಬೇಡ. ಅವಳ ಮುಚ್ಚಳಿಕೆಯೇ ಸಾಕು," ಎಂದು ವೈಜಯಂತಿ ಅವನನ್ನು ಹೊರಗೆ ಕಳಿಸಿ, ಬೊಮ್ಮಿಯ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಎಲ್ಲಿಗೆ ಹೋಗ್ತೀಯಮ್ಮಾ?"

"ಬೊಬ್ರುವಾಡಕ್ಕೆ."

"ಅಲ್ಲಿ ಯಾರಿದ್ದಾರೆ?"

"ಈಗ ಯಾರೂ ಇಲ್ಲೆ." ಬೊಮ್ಮಿ ಎದ್ದಳು. "ನಾ ಹೋಗೂಕೆ ಅಡ್ಡಿಲ್ಯಾ?"

"ನನ್ನನ್ನು ಕೇಳಬೇಕಾಗಿಲ್ಲ."

ಬೊಮ್ಮಿ ಬಾಗಿಲ ತನಕ ಹೋದಳು. ಅಲ್ಲಿ ನಿಂತು, ವೈಜಯಂತಿ ಹೂಂ ಅನ್ನಲಿ ಎಂದು ಕಾಯತೊಡಗಿದಳು.