ಭಾನುವಾರದ ಸರದಿ

ಲ್ಯಾಬಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಮೌನಿ ನಗುತ್ತಿದ್ದ!

ಮೂರು ವರ್ಷ ಪಕ್ಕದ ಮೇಜಿನಲ್ಲಿ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಆ ಅಡ್ಡಹೆಸರು ಗಳಿಸಿದ್ದವನು ಈಗ ಯಾರೋ ಹೊಸಬಳ ಜೊತೆ ಹಲ್ಲು ಕಿರಿಯುತ್ತಿದ್ದ. ಅದೂ ಇವಳ ಮೇಜಿನ ಮುಂದೆ!

"ಅಕ್ಕ, ನೀವೇನಾ ಸಿಡುಕಿ... ಅಯ್ಯೋ, ಸಾರಿ!" ಹೊಸಬಳು ನಾಲಿಗೆ ಕಚ್ಚಿಕೊಂಡಳು. "ನಾನು ಐಸಿಯು ಡಾಕ್ಟರ್. ನಿಮ್ಮ ಹತ್ರ ಕಲಿಯೋಕೆ ಬಂದೆ."

ಸಿಡುಕಿಗೆ ಮೈಯೆಲ್ಲ ಉರಿಯಿತು. ನನ್ನ ಅಡ್ಡಹೆಸರನ್ನೂ ಹೇಳಿಕೊಟ್ಟಿದ್ದಾನಾ? ಇನ್ನೇನೇನು ಹೇಳಿದ್ದಾನೋ...

ಅಂದಿನ ಪ್ರಯೋಗಕ್ಕೆ ಆರು ತಟ್ಟೆ. ಅವುಗಳಲ್ಲಿ ರಕ್ತನಾಳದ ಒಳಪದರದ ಕೋಶಗಳನ್ನು ಅವಳೇ ಬೆಳೆಸಿದ್ದಳು. ಭಾನುವಾರವೂ ಸೇರಿ ವಾರಕ್ಕೆ ಮೂರು ಸಲ ಅವಕ್ಕೆ ಹೊಸ ದ್ರವ ಉಣಿಸಲೇಬೇಕು, ರಜೆ ಅಂದರೆ ಅವು ಕೇಳುವುದಿಲ್ಲ. ಅಮ್ಮನ ಕಾಯಿಲೆಯಿಂದಾಗಿ ಎಂಟು ತಿಂಗಳಿಂದ ತನ್ನ ಭಾನುವಾರದ ಸರದಿಯನ್ನು ಲ್ಯಾಬಿನವರೆಲ್ಲ 'ಮಾವ' ಎನ್ನುವ ಹಿರಿಯ ಟೆಕ್ನಿಷಿಯನ್‌ಗೆ ಒಪ್ಪಿಸಿದ್ದಳು.

ಮೂರು ತಟ್ಟೆಗೆ ಬ್ಯಾಕ್ಟೀರಿಯಾದ ವಿಷ, ಉಳಿದ ಮೂರಕ್ಕೆ ಬರೀ ಉಪ್ಪುನೀರು. ಅವಳು ದ್ರವ ಅಳೆದು ಹಾಕುವ ಪಿಪೆಟ್ ಹಿಡಿದಳು.

"ಸೋಂಕಾದ ನನ್ನ ಪೇಷೆಂಟ್‌ಗೆ ಮೈಯೆಲ್ಲ ರಕ್ತ ಹೆಪ್ಪುಗಟ್ಟಿತ್ತು," ಡಾಕ್ಟರಮ್ಮ ಆಚೆ ಹೇಳುತ್ತಿದ್ದಳು. "ಆ ವಿಷ ಹೆಪ್ಪುಗಟ್ಟಿಸೋದು ಹೇಗೆ?"

"ನಾಳದ ಒಳಪದರವನ್ನ ಕೆರಳಿಸುತ್ತೆ," ಅಂದ ಮೌನಿ. "ರಕ್ತ ಸರಾಗವಾಗಿ ಹರಿಯೋ ಹಾಗೆ ನೋಡ್ಕೊಳ್ತಿದ್ದ ಕೋಶಗಳೇ ಆಮೇಲೆ ಹೆಪ್ಪುಗಟ್ಟಿಸೋ ಪ್ರೋಟೀನನ್ನ ಮೈಮೇಲೆ ತಂದುಕೊಳ್ತವೆ."

ಅಬ್ಬಾ, ಎಷ್ಟು ಮಾತು! ನನಗೆ ಒಂದು ದಿನ 'ಊಟ ಆಯ್ತಾ' ಅಂತ ಕೇಳಿದವನಲ್ಲ! ಅವಳ ಕೈ ತಟ್ಟೆಗಳ ಮೇಲಿತ್ತು. ಕಣ್ಣು ಮಾತ್ರ ಅವರಿಬ್ಬರ ಮೇಲೆಯೇ.

ಸಂಜೆ ಎಲ್ಲ ತಟ್ಟೆಗೂ ರಕ್ತದ ತಿಳಿದ್ರವವಾದ ಪ್ಲಾಸ್ಮಾ ಸುರಿದರು. ವಿಷದ ತಟ್ಟೆಗಳು ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟಿದವು. ಉಪ್ಪುನೀರಿನವು ನೀರಾಗಿಯೇ ಉಳಿಯಬೇಕಿತ್ತು. ಅವೂ ಹೆಪ್ಪುಗಟ್ಟಿದವು!

"ಹೊಸಬರ ಕೈ ಬಿದ್ರೆ ಹೀಗೇ!" ಅಂದುಬಿಟ್ಟಳು ಸಿಡುಕಿ.

ಡಾಕ್ಟರಮ್ಮನ ಮುಖ ಬಾಡಿತು. "ತಟ್ಟೆ ಎತ್ತಿಕೊಟ್ಟವಳು ನಾನೇ ಅಲ್ವಾ... ಲ್ಯಾಬಿನ ಹೆಡ್ ಮೇಡಂಗೆ ನನ್ನದೇ ತಪ್ಪು ಅಂತ ಹೇಳಿ ಬರ್ತೀನಿ."

ಆಗ ಸಿಡುಕಿಯ ಕಣ್ಣು ಒಮ್ಮೆ ಬಳಸಿ ಎಸೆಯುವ ಪಿಪೆಟ್ ತುದಿಗಳ ಡಬ್ಬಿಯ ಮೇಲೆ ಬಿತ್ತು. ವಿಷಕ್ಕೊಂದು, ಉಪ್ಪುನೀರಿಗೊಂದು, ಎರಡು ತುದಿ ಖಾಲಿಯಾಗಬೇಕಿತ್ತು. ಖಾಲಿಯಾಗಿದ್ದು ಒಂದೇ! ವಿಷದ ತುದಿಯಲ್ಲೇ ಉಪ್ಪುನೀರನ್ನೂ ಹಾಕಿದ್ದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಅವನ ಕಣ್ಣಲ್ಲಿ ನಾನೇನಾಗುತ್ತೇನೆ?

"ಡಾಕ್ಟರಮ್ಮ, ನಿಲ್ಲಿ! ತುದಿ ಬದಲಿಸದೆ ಹಾಕಿದ್ದು ನಾನು. ಕಣ್ಣು ನಿಮ್ಮಿಬ್ಬರ ಮೇಲಿತ್ತು... ಹೊಟ್ಟೆಕಿಚ್ಚು ನನಗೆ. ತಪ್ಪಾಯ್ತು."

ಡಾಕ್ಟರಮ್ಮ ಕಣ್ಣೊರೆಸಿಕೊಂಡು ಮೌನಿಯ ಕಡೆ ತಿರುಗಿದಳು.

"ಈಗಲಾದ್ರೂ ಹೇಳ್ತೀರಾ, ನಾನೇ ಹೇಳ್ಲಾ? ಅಕ್ಕ, ಮಾವನಿಗೆ ಮಂಡಿನೋವು, ಭಾನುವಾರ ಬರೋಕೇ ಆಗಿಲ್ಲ. ಎಂಟು ತಿಂಗಳಿಂದ ನಿಮ್ಮ ಕೋಶಗಳಿಗೆ ಉಣಿಸಿದ್ದು ಇವರು! ಒಳಗೆ ಬರ್ತಾ ಗೇಟಿನ ರಿಜಿಸ್ಟರ್ ನೋಡಿದೆ, ಪ್ರತಿ ಭಾನುವಾರನೂ ಇವರ ಸಹಿ ಇತ್ತು. ಯಾಕೆ ಅಂತ ಕೇಳಿ ಕಾಲೆಳೆದೆ, ಅದಕ್ಕೇ ಬೆಳಿಗ್ಗೆ ನಗ್ತಿದ್ರು."

ಹೇಳಿದವಳೇ ಹೊರಗೆ ನಡೆದಳು.

ಮೌನಿಯ ಕಿವಿ ಕೆಂಪಾಗಿತ್ತು. "ನಿಮ್ಮ ಹತ್ರ ಬಂದ್ರೆ ಮಾತೇ ಹೊರಡಲ್ಲ. ನಿಮ್ಮ ಕೆಲಸನಾದ್ರೂ ಮಾಡೋಣ ಅನ್ನಿಸ್ತು... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು. ಎಂಟು ತಿಂಗಳು! ನಾನು ಮಾವನಿಗೆ ಥ್ಯಾಂಕ್ಸ್ ಹೇಳುತ್ತಲೇ ಇದ್ದೆನಲ್ಲ...

"ಆರೂ ತಟ್ಟೆ ಹಾಳಾಯ್ತು," ಅಂದಳು ಮೆಲ್ಲಗೆ. "ಮೊದಲಿಂದ ಬೆಳೆಸಬೇಕು."

"ಬೆಳೆಸೋಣ."

"ಇನ್ನು ಭಾನುವಾರ ಅಮ್ಮನ್ನ ನೋಡ್ಕೊಳ್ಳೋಕೆ ನನ್ನ ಅಣ್ಣನಿಗೆ ಹೇಳ್ತೀನಿ. ನಾನೂ ಬರ್ತೀನಿ."

ಅವನು ನಕ್ಕ. ಬೆಳಗ್ಗಿನದಕ್ಕಿಂತ ದೊಡ್ಡ ನಗು.

"ಸಿಡುಕಿ ಅಂತ ಹೆಸರಿಟ್ಟಿದ್ದು ನೀವೇ ಅಲ್ವಾ?"

"ಹೂಂ..."

"ಇಟ್ಟಿದ್ದಾಯ್ತು, ಇರಲಿ. ಆದರೆ ಇನ್ನು ಯಾರಿಗೂ ಹೇಳಿಕೊಡಬೇಡಿ. ನೀವೊಬ್ಬರೇ ಕರೀಬೇಕು!"