ಮಗಳ ಕಣ್ಣು ತೆರೆಸಿದವರು

ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದ ಚಿತ್ರಕಾರ ನಿಂತಲ್ಲೇ ಚೀರಿದ. ಪ್ರದರ್ಶನಕ್ಕೆ ಹೊರಟಿದ್ದ ಇದ್ದಿಲಿನ ಚಿತ್ರದಲ್ಲಿ, ನಿನ್ನೆಯವರೆಗೆ ಮಲಗಿದ್ದ ಅವನ ಪುಟ್ಟ ಮಗಳು ಕಣ್ಣು ಬಿಟ್ಟಿದ್ದಳು! ಯಾರೋ ತಿದ್ದಿದ್ದರು. ಮಗಳು ಜ್ವರದಲ್ಲಿ ತೀರಿಹೋಗಿ ವರ್ಷವಾಗಿತ್ತು. ಅವನು ಬರೆದ ಅವಳ ಚಿತ್ರ ಇದೊಂದೇ.

ಅವನ ಹಳೆಯ ಗೆಳೆಯ, ಕೆಲಸ ಬಿಟ್ಟರೂ ಅನುಮಾನ ಬಿಡದ ನಿವೃತ್ತ ಇನ್ಸ್‌ಪೆಕ್ಟರ್, ಓಡಿ ಬಂದ.

"ಇನ್ಯಾರು? ಈ ಶಿಷ್ಯೆಯೇ!" ಮನೆಯಲ್ಲೇ ಇದ್ದು ಚಿತ್ರ ಕಲಿಯುತ್ತಿದ್ದ ಹುಡುಗಿಯತ್ತ ಬೆರಳು ತೋರಿಸಿ ಚಿತ್ರಕಾರ ಗುಡುಗಿದ. "ಈ ಮನೇಲಿ ನನ್ನ ಬಿಟ್ರೆ ಇದ್ದಿಲು ಹಿಡಿಯೋಕೆ ಬರೋದು ಇವಳಿಗೇ. ಇವತ್ತೇ ಗಂಟುಮೂಟೆ ಕಟ್ಟಮ್ಮ!"

"ನಿಮ್ಮಾಣೆ ಸರ್, ನಾನಲ್ಲ." ಶಿಷ್ಯೆ ಕೈಮುಗಿದಳು. ಚಿತ್ರಕಾರನ ಹೆಂಡತಿ ಸೆರಗಿನೊಳಗೆ ಕೈ ಸುತ್ತಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು.

ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ ಚಿತ್ರದ ಮುಂದೆ ಬಗ್ಗಿದ. ಕೆಡಿಸಲು ಬಂದವರ ಕೈ ಒರಟಾಗಿರುತ್ತದೆ. ಇಲ್ಲಿ ರೆಪ್ಪೆಗಳನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು ಬರೆದಂತಿತ್ತು.

"ಇದನ್ನ ಯಾವಾಗ ಬರೆದೆ?"

"ಅವಳು ಮಲಗಿದ್ದಾಗ."

"ನಿಜ ಹೇಳೋ. ನಿನ್ನ ಗೆರೆ ಯಾವತ್ತೂ ನಡುಗಲ್ಲ. ಇಲ್ಲಿ ಕೆನ್ನೆಯ ಗೆರೆ ಅಲ್ಲಲ್ಲಿ ತುಂಡಾಗಿದೆ."

ಚಿತ್ರಕಾರ ಚಿತ್ರದ ಮುಂದೆ ಕೂತ. "ಆಸ್ಪತ್ರೆಯಿಂದ ತಂದ ಮೇಲೆ... ಜನ ಬರೋಕೆ ಮುಂಚೆ. ಬದುಕಿದ್ದಾಗ ಒಂದು ಕ್ಷಣ ಸುಮ್ಮನೆ ಕೂತವಳಲ್ಲ. ಅಲ್ಲಾಡದೆ ಇದ್ದದ್ದು ಅವತ್ತೊಂದೇ ದಿನ."

"ತಲೆ ಚಿತ್ರದಲ್ಲಿರೋ ಈ ದಿಂಬಿನ ಮೇಲಿತ್ತಾ?"

"ಇಲ್ಲ, ಅವಳ ಅಮ್ಮನ ತೊಡೆ ಮೇಲಿತ್ತು. ಚಿತ್ರದಲ್ಲಿ ದಿಂಬು ಮಾಡಿದೆ."

"ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ," ಇನ್ಸ್‌ಪೆಕ್ಟರ್ ನಿಟ್ಟುಸಿರಿಟ್ಟ. "ಕಣ್ಣು ಬಿಟ್ಟಿದೆ ಅಂತ ಕೂಗಾಡಿದೆ. ಯಾರನ್ನ ನೋಡ್ತಿದೆ ಅಂತ ನೋಡಿದ್ಯಾ? ಬೇರೆಯವರು ತಿದ್ದಿದ್ರೆ ಮಗು ನಮ್ಮ ಕಡೆ ನೋಡ್ತಿತ್ತು. ಇದು ಮೇಲಕ್ಕೆ ನೋಡ್ತಿದೆ—ತನ್ನನ್ನ ಮಲಗಿಸಿಕೊಂಡವರ ಮುಖ ಎಲ್ಲಿತ್ತೋ ಅಲ್ಲಿಗೆ. ಆಮೇಲೆ ಬಂದ ಈ ಹುಡುಗಿಗೆ ಅದೇನು ಗೊತ್ತು? ಕಾಲೇಜಲ್ಲಿ ನಿನಗಿಂತ ಚೆನ್ನಾಗಿ ಮುಖ ಬರೀತಿದ್ದೋರು ಯಾರೋ? ಮದುವೆಯಾದ ಮೇಲೆ ಮರೆತೇಬಿಟ್ಯಾ?"

ಎಲ್ಲರೂ ಹೆಂಡತಿಯತ್ತ ತಿರುಗಿದರು. ಅವಳು ಸೆರಗಿನಿಂದ ಕೈ ಹೊರತೆಗೆದಳು. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು.

"ನಾನೇ," ಎಂದಳು. "ಪ್ರದರ್ಶನದಲ್ಲಿ ನೋಡಿದ ಜನ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ ಅಂತಾರೆ. ಅದನ್ನ ಕೇಳೋ ಶಕ್ತಿ ನನಗಿಲ್ಲ." ಗಂಡನ ಕಡೆ ನೋಡಿದಳು. "ಅವತ್ತು ನೀವು ಬರೀತಾ ಇದ್ದಷ್ಟು ಹೊತ್ತೂ ನಾನು ಅವಳನ್ನ ಕರೀತಾನೇ ಇದ್ದೆ ರೀ. ನಿಮಗೆ ಕೇಳಿಸಲೇ ಇಲ್ವಾ?"